ಬಿಷಪ್ಪರ ಕುರ್ಚಿ, ಗುಮಾಸ್ತನ ಪೆನ್ನು

ಈ ತಿಂಗಳ ಅಂಚೆಯಲ್ಲಿ ಚರ್ಚಿನ ಪ್ರಶ್ನೆಗಳೇ ತುಂಬಿವೆ. ಕಾರಣ ನಾನೇ. ಹಿಂದಿನ ಸಂಚಿಕೆಯಲ್ಲಿ ಯಾವುದೋ ಉತ್ತರದ ನಡುವೆ, ನಮ್ಮ ಚರ್ಚಿನ ಸಭೆಗೆ ಹನ್ನೊಂದು ವರ್ಷ ಖಜಾಂಚಿಯಾಗಿದ್ದೆ ಎಂದು ಬಾಯಿ ಬಿಟ್ಟೆ. ಮೊದಲೇ ಹೇಳಿಬಿಡುತ್ತೇನೆ, ನಾನು ಪಾದ್ರಿಯಲ್ಲ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಸರ್ಕಾರಿ ಖಜಾನೆಯಲ್ಲಿ ಗುಮಾಸ್ತನಾಗಿ ಬಿಲ್ಲು ಪಾಸು ಮಾಡಿದವನು. ಭಾನುವಾರ ಕಾಣಿಕೆ ಚೀಲದ ಚಿಲ್ಲರೆ ಎಣಿಸಿದವನು. ನನ್ನ ಉತ್ತರದಲ್ಲಿ ದೇವರಿಗಿಂತ ದಫ್ತರ ಜಾಸ್ತಿ ಕಂಡರೆ ಬೈಯಬೇಡಿ.

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನರ್ಸ್. ನಾವು ಹಿಂದೂಗಳು. ಅವಳ ಮನೆ ಪಕ್ಕದಲ್ಲಿ ಒಂದು ಹಳೇ ಆಂಗ್ಲಿಕನ್ ಚರ್ಚ್ ಇದೆ. ಅಲ್ಲಿಯವರು ವಿಕಾರ್, ವಾರ್ಡನ್, ಆರ್ಚ್‌ಡೀಕನ್, ಡೀನ್, ಬಿಷಪ್ ಅಂತ ಏನೇನೋ ಹೇಳುತ್ತಾರಂತೆ. ಇವರಲ್ಲಿ ಯಾರು ಮೇಲೆ, ಯಾರು ಕೆಳಗೆ? ಅವಳನ್ನು ಕೇಳಿದರೆ "ನಂಗೂ ಗೊತ್ತಿಲ್ಲಮ್ಮ" ಅಂತಾಳೆ.
– ಗೃಹಿಣಿ, ಚಿಕ್ಕಮಗಳೂರು

ಉತ್ತರ: ಅಮ್ಮಾ, ನೀವು ಕಾಫಿ ಸೀಮೆಯವರು. ಒಂದು ತೋಟ ನೆನೆಸಿಕೊಳ್ಳಿ. ಸಾಹುಕಾರರು ಇದ್ದಾರೆ, ಮ್ಯಾನೇಜರು ಇದ್ದಾರೆ, ರೈಟರು ಇದ್ದಾರೆ, ಮೇಸ್ತ್ರಿ ಇದ್ದಾನೆ. ಆಳುಗಳಿಗೆ ಕೆಲಸ ಹೇಳುವವನು ಮೇಸ್ತ್ರಿ. ಹಾಜರಿ ಪುಸ್ತಕ ಮಾತ್ರ ರೈಟರ ಕೈಯಲ್ಲಿ. ಅದರಲ್ಲಿ ಇಲ್ಲದ ಹಾಜರಿಗೆ ಶನಿವಾರ ಬಟವಾಡೆ ಇಲ್ಲ, ಸಾಹುಕಾರರೇ ಎದುರಿಗೆ ನಿಂತಿದ್ದರೂ ಇಲ್ಲ. ಆಂಗ್ಲಿಕನ್ನರ, ಅಂದರೆ ಇಂಗ್ಲೆಂಡಿನ ಚರ್ಚಿನ ಪರಂಪರೆಯವರ, ವ್ಯವಸ್ಥೆಯೂ ಹೀಗೇ. ಯಾರು ಮೇಲೆ ಅಂತ ಕೇಳಿದರೆ ತಲೆ ಕೆಡುತ್ತದೆ. ಯಾರ ಕೈಯಲ್ಲಿ ಯಾವ ಪುಸ್ತಕ ಅಂತ ಕೇಳಿ, ಬಿಡಿಸಿಕೊಳ್ಳುತ್ತದೆ.

ಡಯಾಸಿಸ್ ಎಂದರೆ ಒಬ್ಬ ಬಿಷಪ್ಪರ ಸರಹದ್ದು. ಗ್ರೀಕ್ ಮಾತು. ಮೊದಲು ಅದಕ್ಕಿದ್ದ ಅರ್ಥ ಮನೆವಾರ್ತೆ ನೋಡಿಕೊಳ್ಳುವುದು. ರೋಮನ್ ದೊರೆಗಳು ತಮ್ಮ ಆಡಳಿತದ ವಿಭಾಗಕ್ಕೆ ಅದೇ ಹೆಸರಿಟ್ಟರು, ಚರ್ಚು ಅವರಿಂದ ಎತ್ತಿಕೊಂಡಿತು. ಹೆಸರೇ ಸರ್ಕಾರಿ ಕಚೇರಿಯದ್ದು ಅಂದ ಮೇಲೆ ಕಡತ ಇಲ್ಲದೆ ಇರುತ್ತದಾ?

ಇಂಗ್ಲೆಂಡಿನ ಚರ್ಚಿಗೆ ಇಂಥ 42 ಡಯಾಸಿಸ್. ನಿಮ್ಮ ಮಗಳಿರುವ ಲೀಡ್ಸ್‌ನದ್ದು ಅವುಗಳಲ್ಲಿ ಕೊನೆಯ ಕೂಸು. 2014ರಲ್ಲಿ ಬ್ರ್ಯಾಡ್‌ಫರ್ಡ್, ವೇಕ್‌ಫೀಲ್ಡ್, ರಿಪನ್-ಲೀಡ್ಸ್ ಎಂಬ ಮೂರು ಡಯಾಸಿಸ್‌ಗಳನ್ನು ಕೂಡಿಸಿ ಅದನ್ನು ಮಾಡಿದರು. ಇದರಲ್ಲಿ ಒಂದು ತಮಾಷೆ ಇದೆ. ಬಿಷಪ್ಪರ ಪೀಠ ಇರುವ ಚರ್ಚಿಗೆ ಕೆಥೆಡ್ರಲ್ ಎನ್ನುತ್ತಾರೆ. ಕೆಥೆಡ್ರಾ ಅಂದರೆ ಕುರ್ಚಿ, ಅಷ್ಟೇ. ಮೂರು ಡಯಾಸಿಸ್ ಕೂಡಿದ್ದರಿಂದ ಲೀಡ್ಸ್ ಬಿಷಪ್ಪರಿಗೆ ರಿಪನ್, ವೇಕ್‌ಫೀಲ್ಡ್, ಬ್ರ್ಯಾಡ್‌ಫರ್ಡ್ ಹೀಗೆ ಮೂರು ಊರಿನಲ್ಲಿ ಮೂರು ಕುರ್ಚಿ. ಲೀಡ್ಸ್ ಊರಿನಲ್ಲೇ ಆಂಗ್ಲಿಕನ್ ಕೆಥೆಡ್ರಲ್ ಇಲ್ಲ! ಅಲ್ಲಿ ಕೆಥೆಡ್ರಲ್ ಅಂತ ಇರುವುದು ಕೆಥೊಲಿಕ್ಕರದ್ದು. ಮಗಳು ದಾರಿ ಕೇಳುವಾಗ ಜೋಪಾನ.

ಒಬ್ಬರಿಗೆ ಇಷ್ಟು ದೊಡ್ಡ ಸೀಮೆ ಸುತ್ತಲು ಆಗುವುದಿಲ್ಲ. ಅದಕ್ಕೇ ಅವರ ಕೈಕೆಳಗೆ ಬ್ರ್ಯಾಡ್‌ಫರ್ಡ್, ಹಡರ್ಸ್‌ಫೀಲ್ಡ್ ಮುಂತಾದ ಊರುಗಳ ಹೆಸರು ಹೊತ್ತ ಏರಿಯಾ ಬಿಷಪ್ಪರಿದ್ದಾರೆ. ಬಿಷಪ್ಪರೇ ಮಾಡಬೇಕಾದ ಕೆಲಸ ಕೆಲವಿವೆ. ಪಾದ್ರಿಗಳಿಗೆ ದೀಕ್ಷೆ ಕೊಡುವುದು, ಮಕ್ಕಳಿಗೆ ದೃಢೀಕರಣ ಮಾಡುವುದು, ಅಂದರೆ ದೀಕ್ಷಾಸ್ನಾನ ಆದವರು ತಮ್ಮ ನಂಬಿಕೆಯನ್ನು ತಾವೇ ಒಪ್ಪಿ ಹೇಳಿದಾಗ ತಲೆಯ ಮೇಲೆ ಕೈ ಇಡುವುದು. ಬೇರೆಯವರು ಮಾಡಿದರೆ ಅದು ನಡೆಯುವುದಿಲ್ಲ.

ಈಗ ಡೀನ್. ಇವರು ಕೆಥೆಡ್ರಲ್ಲಿನ ಯಜಮಾನರು. ಕುರ್ಚಿ ಬಿಷಪ್ಪರದ್ದು, ಕುರ್ಚಿ ಇಟ್ಟ ಮನೆಯ ಬೀಗದ ಕೈ ಡೀನ್ ಹತ್ತಿರ. ಬೇಲೂರು ಚೆನ್ನಕೇಶವನ ಗುಡಿಯಲ್ಲಿ ಪೂಜೆಯ ಅರ್ಚಕರು ಬೇರೆ, ಮುಜರಾಯಿಯ ಅಧಿಕಾರಿ ಬೇರೆ ಅಲ್ವಾ, ಅದನ್ನು ನೆನೆಸಿಕೊಳ್ಳಿ. ಹೋಲಿಕೆ ಪೂರ್ತಿ ಸರಿಯಿಲ್ಲ. ಏಕೆಂದರೆ ಡೀನ್ ಕೂಡ ಪಾದ್ರಿಯೇ.

ಆರ್ಚ್‌ಡೀಕನ್ ಅಂದರೆ ನಮ್ಮ ರೈಟರು. ನನಗೆ ಈ ಹುದ್ದೆಯ ಮೇಲೆ ಸ್ವಲ್ಪ ಪಕ್ಷಪಾತ ಇದೆ, ಮುಚ್ಚುಮರೆ ಏಕೆ. ಇವರ ವಶದಲ್ಲಿ ನೂರಾರು ಚರ್ಚುಗಳಿರಬಹುದು. ವಾರ್ಡನ್‌ಗಳು ಅಧಿಕಾರ ಹಿಡಿಯುವುದು ಇವರ ಮುಂದೆ. ಸಾಮಾನಿನ ಪಟ್ಟಿ ತಪಾಸಣೆ ಇವರದ್ದು. ಮಾಡು ಸೋರುತ್ತಿದೆಯಾ, ಮಳೆ ನೀರು ಇಳಿಯುವ ಕೊಳವೆಗೆ ಎಲೆ ಕಟ್ಟಿದೆಯಾ ಎಂದು ಕತ್ತು ಎತ್ತಿ ನೋಡುವವರೂ ಇವರೇ. ಅಲ್ಲಿ ಪ್ರತಿ ಚರ್ಚ್ ಕಟ್ಟಡವನ್ನೂ ಐದು ವರ್ಷಕ್ಕೊಮ್ಮೆ ವಾಸ್ತುಶಿಲ್ಪಿಯಿಂದ ಪರೀಕ್ಷೆ ಮಾಡಿಸಲೇಬೇಕು. ಆ ವರದಿ ಕೈಯಲ್ಲಿ ಹಿಡಿದು ಬರುವ ಆರ್ಚ್‌ಡೀಕನ್ ಎದುರು ಎಂಥ ದೊಡ್ಡ ಪ್ರಸಂಗಿಯೂ ಮೆತ್ತಗಾಗುತ್ತಾನೆ.

ಒಂದು ಊರಿನ ಅಥವಾ ಬಡಾವಣೆಯ ಚರ್ಚಿನ ವ್ಯಾಪ್ತಿ ಪ್ಯಾರಿಷ್. ಅದರ ಪಾದ್ರಿ ವಿಕಾರ್. ಕೆಲವು ಕಡೆ ರೆಕ್ಟರ್ ಅನ್ನುತ್ತಾರೆ. ಹಿಂದಿನ ಕಾಲದಲ್ಲಿ ಊರಿನ ಬೆಳೆಯ ದಶಮಾಂಶ, ಅಂದರೆ ಹತ್ತರಲ್ಲಿ ಒಂದು ಪಾಲು, ಯಾರಿಗೆ ಎಷ್ಟು ಸೇರುತ್ತಿತ್ತು ಎಂಬುದರ ಮೇಲೆ ಎರಡು ಹೆಸರು ಹುಟ್ಟಿದವು. ಈಗ ಹೆಸರು ಉಳಿದಿದೆ, ದಶಮಾಂಶ ಹೋಗಿದೆ.

ನಿಮ್ಮ ಮಗಳು ತಿಳಿಯಬೇಕಾದವರು ವಾರ್ಡನ್‌ಗಳು. ಸಾಮಾನ್ಯವಾಗಿ ಇಬ್ಬರು. ಪಾದ್ರಿಗಳಲ್ಲ, ಊರಿನವರು. ಚರ್ಚಿನ ಬೆಳ್ಳಿ ಬಟ್ಟಲು, ಪುಸ್ತಕ, ಕುರ್ಚಿ ಹೀಗೆ ಎತ್ತಿಡಬಹುದಾದ ಸಾಮಾನಿಗೆಲ್ಲ ಕಾನೂನಿನ ಪ್ರಕಾರ ಇವರೇ ವಾರಸುದಾರರು. ವಿಕಾರ್ ಕೂಡ ಕೇಳದೆ ಮಾರುವ ಹಾಗಿಲ್ಲ. ಹಬ್ಬದ ದಿನ ಕೈಯಲ್ಲೊಂದು ಕೋಲು ಹಿಡಿದು ಮೆರವಣಿಗೆಯಲ್ಲಿ ನಡೆಯುತ್ತಾರೆ. ನಮ್ಮ ಹಳೇ ದಫೇದಾರರ ಹಾಗೆ. ಇವರನ್ನು ಪ್ರತಿ ವರ್ಷ ಆರಿಸುತ್ತಾರೆ. ಆ ಸಭೆಯಲ್ಲಿ ಮತ ಹಾಕಲು ಚರ್ಚಿಗೆ ಹೋಗುವವರೇ ಆಗಬೇಕಿಲ್ಲ. ಆ ಪ್ಯಾರಿಷ್‌ನಲ್ಲಿ ವಾಸವಿದ್ದು, ಸ್ಥಳೀಯ ಚುನಾವಣೆಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಭಾರತ ಕಾಮನ್‌ವೆಲ್ತ್ ದೇಶ. ಅಲ್ಲಿ ನೆಲೆಸಿದ ನಮ್ಮವರು ಆ ಪಟ್ಟಿಗೆ ಹೆಸರು ಸೇರಿಸಬಹುದು. ಅಂದರೆ ಚಿಕ್ಕಮಗಳೂರಿನ ನಿಮ್ಮ ಹುಡುಗಿ, ಶುಕ್ರವಾರ ಲಕ್ಷ್ಮೀಪೂಜೆ ಮಾಡುವವಳು, ಲೀಡ್ಸ್‌ನ ಚರ್ಚಿಗೆ ವಾರ್ಡನ್ ಯಾರಾಗಬೇಕು ಅಂತ ಕೈ ಎತ್ತಬಹುದು. ಇದು ನನಗೆ ಗೊತ್ತಾದ ದಿನ ನಮ್ಮ ಮನೆಯವರಿಗೆ ಮೂರು ಸಲ ಹೇಳಿ ಬೈಸಿಕೊಂಡೆ.

ಬಿಷಪ್ಪರನ್ನು ಯಾರು ಮಾಡುತ್ತಾರೆ ಅಂತ ನೀವು ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ, ಅಷ್ಟು ಚೆನ್ನಾಗಿದೆ. ಜಾಗ ಖಾಲಿಯಾದರೆ ಹದಿನಾಲ್ಕು ಮತದ ಒಂದು ಸಮಿತಿ ಕೂರುತ್ತದೆ. ಬಿಷಪ್ಪರಲ್ಲೇ ಹಿರಿಯರಾದ ಇಬ್ಬರು ಆರ್ಚ್‌ಬಿಷಪ್, ಇಡೀ ಇಂಗ್ಲೆಂಡಿನ ಚರ್ಚಿನ ಮಹಾಸಭೆಯಿಂದ ಆರು ಜನ, ಆ ಡಯಾಸಿಸ್‌ನಿಂದ ಆರು ಜನ. ಮೂರರಲ್ಲಿ ಎರಡು ಪಾಲು ಮತ ಬೇಕು. ಹೆಸರು ಪ್ರಧಾನಿಗೆ ಹೋಗುತ್ತದೆ, ಪ್ರಧಾನಿಯಿಂದ ರಾಜನಿಗೆ. ಆಮೇಲೆ ರಾಜನಿಂದ ಕೆಥೆಡ್ರಲ್ಲಿನವರಿಗೆ "ಬಿಷಪ್ಪರನ್ನು ಆರಿಸಿಕೊಳ್ಳಿ" ಎಂದು ಅಪ್ಪಣೆ ಬರುತ್ತದೆ. ಜೊತೆಗೆ ಇನ್ನೊಂದು ಕಾಗದ. ಅದರಲ್ಲಿ ಒಂದೇ ಹೆಸರು. ಅವರು ಗಂಭೀರವಾಗಿ ಕೂತು ಚುನಾವಣೆ ನಡೆಸಿ ಅದೇ ಹೆಸರನ್ನು ಆರಿಸುತ್ತಾರೆ. ಖಜಾನೆಯಲ್ಲಿ ಎಷ್ಟೋ ವರ್ಷ ಕೆಲಸ ಮಾಡಿದವನಿಗೂ ಇಂಥ ಕಡತ ಸಿಕ್ಕಿರಲಿಲ್ಲ.

ಪ್ರಶ್ನೆ: ಗೊರೂರು ಹಿನ್ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿ ಚರ್ಚ್ ಬ್ರಿಟಿಷರ ಆಂಗ್ಲಿಕನ್ ಚರ್ಚ್ ಎಂದು ಗೆಳೆಯ ವಾದಿಸುತ್ತಾನೆ. ನಿಜವೇ?
– ಪದವಿ ವಿದ್ಯಾರ್ಥಿ, ಹಾಸನ

ಉತ್ತರ: ಅಲ್ಲ. ಅದು 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಕೆಥೊಲಿಕ್ ಚರ್ಚ್. ಹೇಮಾವತಿ ಅಣೆಕಟ್ಟು ಬಂದ ಮೇಲೆ ಊರು ಖಾಲಿಯಾಯಿತು, ಗೋಡೆ ಉಳಿಯಿತು. ಬಿಳಿಯರೆಲ್ಲ ಒಂದೇ ಚರ್ಚಿನವರು ಅಂತ ತಿಳಿಯುವುದು, ನಾಮ ಹಾಕಿದವರೆಲ್ಲ ಒಂದೇ ಮಠದವರು ಅಂದ ಹಾಗೆ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯ ಕೆಥೊಲಿಕ್ಕರಿಗೆ 1963ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರ ಆಯಿತು. ಅವರ ಬಿಷಪ್ಪರ ನೇಮಕ ರೋಮಿನಿಂದ. ಗೆಳೆಯನ ಹತ್ತಿರ ಒಂದು ಕಾಫಿ ವಸೂಲು ಮಾಡಿ.

ಪ್ರಶ್ನೆ: ನಮ್ಮದು ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಗೆ ಸೇರಿದ ಚರ್ಚು. ನಾವು ಆಂಗ್ಲಿಕನ್ನರಾ ಅಲ್ಲವಾ? ಕೆಥೊಲಿಕ್ ಬಿಷಪ್ಪರು ಪಕ್ಕದ ಚಿಕ್ಕಮಗಳೂರಿನಲ್ಲಿದ್ದಾರೆ, ನಮ್ಮ ಬಿಷಪ್ಪರು ಘಟ್ಟ ಇಳಿದು ಮಂಗಳೂರಿನಲ್ಲಿ ಯಾಕಿದ್ದಾರೆ?
– ನಿವೃತ್ತ ಶಿಕ್ಷಕಿ, ಹಾಸನ

ಉತ್ತರ: ಟೀಚರ್, ಅರ್ಧ ಹೌದು, ಅರ್ಧ ಅಲ್ಲ. ಆ ಅರ್ಧದ ಕಥೆ ದೊಡ್ಡದು.

ಹಾಸನಕ್ಕೆ ಬಂದವರು ಆಂಗ್ಲಿಕನ್ ಮಿಷನರಿಗಳಲ್ಲ, ವೆಸ್ಲಿಯನ್ ಮೆಥೊಡಿಸ್ಟರು ಎಂಬ ಬೇರೆ ಪಂಗಡದವರು. ನಮ್ಮ ಊರಿನ ಮಿಷನ್ ಆಸ್ಪತ್ರೆ, ರೆಡ್‌ಫರ್ನ್ ಆಸ್ಪತ್ರೆ, ಅವರ ಕಾಲದ್ದು. ಬ್ರಿಟನ್ನಿನ ಮೆಥೊಡಿಸ್ಟರಿಗೆ ಬಿಷಪ್ ಎಂಬ ಹುದ್ದೆಯೇ ಇರಲಿಲ್ಲ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರಿಗೂ ಇರಲಿಲ್ಲ. ಆಂಗ್ಲಿಕನ್ನರಿಗೆ ಮಾತ್ರ 1814ರಿಂದ ಕಲ್ಕತ್ತದಲ್ಲಿ, 1835ರಿಂದ ಮದ್ರಾಸಿನಲ್ಲಿ ಬಿಷಪ್ಪರಿದ್ದರು. ಇವರೆಲ್ಲ ಭಾನುವಾರ ಒಂದೇ ಬೈಬಲ್ ಓದುತ್ತಿದ್ದರು. ಸೋಮವಾರ ಆಡಳಿತದ ಮಾತು ಬಂದರೆ ಆಗುತ್ತಿರಲಿಲ್ಲ.

1919ರಲ್ಲಿ ತರಂಗಂಬಾಡಿಯಲ್ಲಿ ಕೂತು, ಇನ್ನು ಒಂದಾಗೋಣ ಎಂದು ಮಾತು ಶುರು ಮಾಡಿದರು. ಮುಂದೆ ನಿಂತವರಲ್ಲಿ ದೋರ್ನಕಲ್ಲಿನ ಬಿಷಪ್ ವಿ.ಎಸ್. ಅಜರಯ್ಯ ಒಬ್ಬರು. 1912ರಲ್ಲಿ ಬಿಷಪ್ ಆದವರು, ಆಂಗ್ಲಿಕನ್ ಚರ್ಚಿಗೆ ಮೊದಲ ಭಾರತೀಯ ಬಿಷಪ್. ಮಾತುಕತೆ ನಡೆದದ್ದು ಇಪ್ಪತ್ತೆಂಟು ವರ್ಷ. ಗಂಟು ಬಿದ್ದದ್ದು ಬಿಷಪ್ಪರ ವಿಷಯದಲ್ಲೇ. ಆಂಗ್ಲಿಕನ್ನರು ಬಿಷಪ್ ಇಲ್ಲದೆ ಚರ್ಚೇ ಇಲ್ಲ ಅಂದರು. ಉಳಿದವರು, ಬಿಷಪ್ ಬಂದರೆ ನಮ್ಮ ಸಭೆಯ ಮಾತಿಗೆ ಬೆಲೆ ಎಲ್ಲಿ ಅಂದರು. ಇಬ್ಬರ ಮಾತಿನಲ್ಲೂ ನ್ಯಾಯ ಇತ್ತು. ಕೊನೆಗೆ ಬಿಷಪ್ಪರನ್ನು ಒಪ್ಪಿಕೊಂಡರು, ಅವರ ಪಕ್ಕದಲ್ಲಿ ಮತ ಹಾಕುವ ಕೌನ್ಸಿಲ್ಲನ್ನೂ ಕೂರಿಸಿದರು. ಅಜರಯ್ಯನವರು ಅದನ್ನು ನೋಡಲಿಲ್ಲ. 1945ರಲ್ಲೇ ತೀರಿಕೊಂಡರು.

ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದೂವರೆ ತಿಂಗಳಿಗೆ, 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್ಲಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ನಾವು ಸಿಎಸ್‌ಐ ಅನ್ನುವುದು ಅದನ್ನೇ. ಹದಿನಾಲ್ಕು ಡಯಾಸಿಸ್. ಅವತ್ತು ಒಂಬತ್ತು ಜನ ಹೊಸದಾಗಿ ಬಿಷಪ್ ಆದರು. ಬಿಷಪ್ ಅನ್ನುವ ಹುದ್ದೆಯನ್ನೇ ಒಪ್ಪದ ಚರ್ಚುಗಳಲ್ಲಿ ಬೆಳೆದವರೂ ಅವರಲ್ಲಿದ್ದರು. ಲೆಸ್ಲಿ ನ್ಯೂಬಿಗಿನ್ ಎಂಬುವರು ಪ್ರೆಸ್ಬಿಟೇರಿಯನ್, ಇನ್ನೂ ನಲವತ್ತು ತುಂಬಿರಲಿಲ್ಲ. ಹೀಗೆ ನಾವು ಬಿಷಪ್ಪರನ್ನು ಆಂಗ್ಲಿಕನ್ನರಿಂದ ತೆಗೆದುಕೊಂಡೆವು, ಪ್ರಶ್ನೆ ಕೇಳುವ ಚಾಳಿಯನ್ನು ಉಳಿದವರಿಂದ. ಈಗ ಸಿಎಸ್‌ಐ ಆಂಗ್ಲಿಕನ್ ಒಕ್ಕೂಟದ ಸದಸ್ಯ ಚರ್ಚ್ ಕೂಡ ಹೌದು. ಅದಕ್ಕೇ ಅರ್ಧ ಹೌದು ಅಂದದ್ದು.

ಮಂಗಳೂರಿನ ವಿಷಯ. ಮೊದಲು ನಮ್ಮ ಕಡೆಗೆ ಮೈಸೂರು ಡಯಾಸಿಸ್ ಇತ್ತು. 1970ರ ಆಸುಪಾಸಿನಲ್ಲಿ ಅದನ್ನು ಬಿಡಿಸಿ ಕರ್ನಾಟಕಕ್ಕೆ ಮೂರು ಮಾಡಿದರು. ಮಧ್ಯ ಬೆಂಗಳೂರಿಗೆ, ಉತ್ತರ ಧಾರವಾಡಕ್ಕೆ, ದಕ್ಷಿಣ ಮಂಗಳೂರಿಗೆ. ಹಾಸನ, ಚಿಕ್ಕಮಗಳೂರು ದಕ್ಷಿಣಕ್ಕೆ ಬಿದ್ದವು. ಬಲ್ಮಠದ ಶಾಂತಿ ಕೆಥೆಡ್ರಲ್ಲಿನಲ್ಲಿ ಬಿಷಪ್ಪರ ಪೀಠ. ಕರಾವಳಿಯಲ್ಲಿ ಬಾಸೆಲ್ ಮಿಷನ್ನಿನ ಹಳೇ ಸಭೆಗಳು, ಶಾಲೆಗಳು ಒತ್ತಾಗಿವೆ. ಘಟ್ಟದ ಮೇಲಿನ ನಾವು ಅಲ್ಲೊಂದು ಇಲ್ಲೊಂದು. ಮಳೆಗಾಲದಲ್ಲಿ ಶಿರಾಡಿ ಕುಸಿದರೆ ನಮಗೂ ಬಿಷಪ್ಪರಿಗೂ ಸಂಪರ್ಕ ಫೋನಿನಲ್ಲಿ ಮಾತ್ರ.

ನಮ್ಮಲ್ಲಿ ಕೆಳಗೆ ಸಭೆ. ಕೆಲವು ಸಭೆ ಸೇರಿ ಒಂದು ಪಾಸ್ಟರೇಟ್, ಅದಕ್ಕೊಬ್ಬರು ಸಭಾಪಾಲಕರು. ನಾವು ಅಯ್ಯನವರು ಅನ್ನುತ್ತೇವಲ್ಲ, ಅವರು. ಅದರ ಮೇಲೆ ಏರಿಯಾ ಕೌನ್ಸಿಲ್, ಅದರ ಮೇಲೆ ಡಯಾಸಿಸ್ ಕೌನ್ಸಿಲ್. ಕೊನೆಗೆ ಎಲ್ಲ ಡಯಾಸಿಸ್‌ಗಳ ಸಿನೋಡ್. ಸಿನೋಡಿನ ಮುಖ್ಯಸ್ಥರಿಗೆ ಮಾಡರೇಟರ್ ಎನ್ನುತ್ತಾರೆ. ಬಿಷಪ್ಪರಲ್ಲೇ ಒಬ್ಬರನ್ನು ಅವಧಿಗೆ ಆರಿಸುತ್ತಾರೆ. ಮಾಡರೇಟರ್ ಆದರೂ ಅವರ ಡಯಾಸಿಸ್ ಕೆಲಸ ತಪ್ಪುವುದಿಲ್ಲ. ಬಿಷಪ್ ಜಾಗ ಖಾಲಿಯಾದರೆ ಡಯಾಸಿಸ್ ಕೌನ್ಸಿಲ್ ಮತ ಹಾಕಿ ಹೆಸರುಗಳ ಪಟ್ಟಿ ಕಳಿಸುತ್ತದೆ, ಸಿನೋಡ್ ಅದರಲ್ಲಿ ಒಬ್ಬರನ್ನು ಆರಿಸುತ್ತದೆ. ರಾಜನೂ ಇಲ್ಲ, ಪ್ರಧಾನಿಯೂ ಇಲ್ಲ. ಪ್ರಚಾರ ಮಾತ್ರ ಇರುತ್ತದೆ, ಅದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ನಾನು ಎರಡು ಸಲ ಸಭೆಯ ಪ್ರತಿನಿಧಿಯಾಗಿ ಕೌನ್ಸಿಲ್ಲಿಗೆ ಹೋಗಿದ್ದೆ. ಬೆಳಗಿನ ಜಾವ ನಾಲ್ಕು ಗಂಟೆಯ ಬಸ್ಸು, ಮಡಿಲಲ್ಲಿ ಲೆಕ್ಕದ ಪುಸ್ತಕ. ಪ್ರಾರ್ಥನೆ, ಭಾಷಣ, ಶ್ರದ್ಧಾಂಜಲಿ ಎಲ್ಲ ಸರಾಗವಾಗಿ ಮುಗಿದವು. ಲೆಕ್ಕಪತ್ರ ಮಂಡನೆ ಎಂದದ್ದೇ ತಡ, ತೂಕಡಿಸುತ್ತಿದ್ದವರೆಲ್ಲ ಕನ್ನಡಕ ಹಾಕಿಕೊಂಡರು.

ಪ್ರಶ್ನೆ: ಎಲ್ಲ ಬಿಷಪ್ ಕೈಯಲ್ಲೇ ಇದ್ದರೆ ಅವರು ತಪ್ಪು ಮಾಡಿದಾಗ ಕೇಳುವವರು ಯಾರು? ಚರ್ಚಿನ ಜಾಗ ಮಾರಿದರೆ?
– ಬೆಳೆಗಾರರು, ಮೂಡಿಗೆರೆ

ಉತ್ತರ: ಎಲ್ಲ ಅವರ ಕೈಯಲ್ಲಿಲ್ಲ ಸ್ವಾಮಿ. ಇರಬಾರದು ಅಂತಲೇ ಇಷ್ಟು ಹುದ್ದೆ, ಇಷ್ಟು ಸಮಿತಿ.

ಜಾಗದ ಮಾತು ಮೊದಲು. ಸಿಎಸ್‌ಐ ಚರ್ಚಿನ ಜಮೀನು, ಕಟ್ಟಡ ಸಾಮಾನ್ಯವಾಗಿ ಬಿಷಪ್ಪರ ಹೆಸರಿನಲ್ಲಿ ಇರುವುದಿಲ್ಲ, ಸ್ಥಳೀಯ ಸಭೆಯ ಹೆಸರಿನಲ್ಲೂ ಇರುವುದಿಲ್ಲ. 1947ರಲ್ಲೇ ಇದಕ್ಕಾಗಿ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಎಂಬ ಸಂಸ್ಥೆ ಮಾಡಿದರು. ಪತ್ರ ಅದರ ಹೆಸರಿನಲ್ಲಿ. ಅದರ ಅಪ್ಪಣೆ ಇಲ್ಲದೆ ಮಾರುವ ಹಾಗಿಲ್ಲ. ಹಾಗಾದರೆ ತಕರಾರೇ ಇಲ್ಲವಾ ಅಂದರೆ, ಪೇಪರ್ ಓದುವವರು ನೀವು. ಆಸ್ತಿ ಇದ್ದ ಕಡೆ ಕೋರ್ಟು ಇರುತ್ತದೆ. ಕಾಫಿ ಬೆಳೆಗಾರರಿಗೆ ಇದನ್ನು ಹೇಳಿಕೊಡುವಷ್ಟು ಧೈರ್ಯ ನನಗಿಲ್ಲ.

ಇಂಗ್ಲೆಂಡಿನಲ್ಲಿ ಇನ್ನೂ ಬಿಗಿ. ಪ್ರತಿ ಡಯಾಸಿಸ್‌ಗೂ ಚಾನ್ಸಲರ್ ಎಂಬ ನ್ಯಾಯಾಧೀಶರಿದ್ದಾರೆ. ಚರ್ಚಿನೊಳಗೆ ಬೆಂಚು ಕೀಳಬೇಕಾದರೂ, ಹೊಸ ಗಾಜು ಹಾಕಬೇಕಾದರೂ ಅವರ ಅನುಮತಿ ಬೇಕು. ಫ್ಯಾಕಲ್ಟಿ ಎನ್ನುತ್ತಾರೆ ಅದಕ್ಕೆ. ಕಾಲೇಜಿನ ಫ್ಯಾಕಲ್ಟಿಗೂ ಇದಕ್ಕೂ ಸಂಬಂಧವಿಲ್ಲ. ಚಾನ್ಸಲರನ್ನು ನೇಮಿಸುವವರು ಬಿಷಪ್ಪರು. ನೇಮಿಸಿದ ಮೇಲೆ ತೀರ್ಪು ಚಾನ್ಸಲರದ್ದೇ.

ಇಂಥ ಅನುಮತಿಯ ಬೆಲೆ ನನಗೆ ಗೊತ್ತಾದದ್ದು ಒದ್ದೆಯಾಗಿ. ನಮ್ಮ ಸಭೆ ಮಲೆನಾಡಿನ ಅಂಚಿನ ಒಂದು ಸಣ್ಣ ಊರಿನದ್ದು, ಹೆಸರು ಬೇಡ. ಮಂಗಳೂರು ಹೆಂಚಿನ ಮಾಡು. ಒಂದು ಬೇಸಿಗೆ ಪಕಾಸಿಗೆ ಗೆದ್ದಲು ಹತ್ತಿ ಹೆಂಚು ಜಾರತೊಡಗಿತು. ರಿಪೇರಿಗೆ ಹಣ ಕೇಳಿ ಮೇಲಕ್ಕೆ ಅರ್ಜಿ ಬರೆದೆ. ಎರಡು ಪುಟ, ಒಳ್ಳೇ ಅಕ್ಷರ. ಕೀರ್ತನೆಯ ಎರಡು ಸಾಲನ್ನೂ ಸೇರಿಸಿದ್ದೆ. ಸರಿಯಾಗಿ ಒಂದು ತಿಂಗಳಿಗೆ ಅರ್ಜಿ ವಾಪಸ್ಸು ಬಂತು. ಅಂಚಿನಲ್ಲಿ ಒಂದೇ ಸಾಲು: "ಸಮಿತಿಯ ನಿರ್ಣಯದ ನಕಲು ಲಗತ್ತಿಸಿಲ್ಲ." ಖಜಾನೆಯಲ್ಲಿ ದಿನಾ ಬೇರೆಯವರ ಬಿಲ್ಲನ್ನು ಇದೇ ಮಾತು ಬರೆದು ವಾಪಸ್ಸು ಕಳಿಸುವ ಕೆಲಸ ನನ್ನದು. ಭಾನುವಾರ ಅದನ್ನೇ ಮರೆತಿದ್ದೆ.

ನಿರ್ಣಯ ಬೇಕಾದರೆ ಸಮಿತಿ ಕೂರಬೇಕು. ಸಮಿತಿ ಕೂರುವಷ್ಟರಲ್ಲಿ ಮಳೆ ಹಿಡಿಯಿತು. ಆ ಜೂನ್, ಜುಲೈ ನಾವು ಆರಾಧನೆ ಮಾಡಿದ್ದು ಪಾತ್ರೆಗಳ ನಡುವೆ. ಮೂರು ಬಕೆಟ್ಟು, ಒಂದು ಹಿತ್ತಾಳೆ ಕೊಳಗ. ಅಯ್ಯನವರು ಪ್ರಸಂಗದ ನಡುವೆ ಕೊಂಚ ನಿಲ್ಲಿಸಿದರೆ ಟಣ್ ಎಂದು ಒಂದು ಹನಿ. ಮಕ್ಕಳು ನಗುತ್ತಿದ್ದವು. ಮನೆಯವರು ನನ್ನ ಕಡೆ ನೋಡುತ್ತಿದ್ದರು, ನಗುತ್ತಿರಲಿಲ್ಲ.

ಆದರೂ ಹೇಳುತ್ತೇನೆ, ಅರ್ಜಿ ವಾಪಸ್ಸು ಮಾಡಿದವರು ಮಾಡಿದ್ದು ಸರಿ. ಖಜಾಂಚಿ ಒಬ್ಬನೇ ಬರೆದ ಕಾಗದಕ್ಕೆ ಹಣ ಬಿಡುಗಡೆ ಆಗುವುದಾದರೆ, ನಾಳೆ ಬಿಷಪ್ ಒಬ್ಬರೇ ಬರೆದ ಕಾಗದಕ್ಕೂ ಆಗುತ್ತದೆ. ನೀವು ಕೇಳಿದ್ದು ಅದನ್ನೇ ಅಲ್ವಾ? ಬಿಷಪ್ಪರನ್ನು ಕೇಳುವವರು ಯಾರು ಅಂದರೆ, ಮೊದಲು ನಡಾವಳಿ ಪುಸ್ತಕ. ಯಾವ ತಾರೀಕಿನಲ್ಲಿ ಯಾರು ಕೂತರು, ಏನು ನಿರ್ಣಯ ಆಯಿತು, ಯಾರು ಒಪ್ಪಲಿಲ್ಲ. ಅದು ಸರಿಯಾಗಿದ್ದ ಕಡೆ ಆಡಿಟರಿಗೂ ಕೆಲಸ ಸುಲಭ, ಕೋರ್ಟಿಗೂ ಸುಲಭ. ನಿರ್ಣಯ ಬರೆಯದೆ "ಆಮೇಲೆ ಬರೆದುಕೊಳ್ಳೋಣ" ಎಂದು ಸುಮ್ನೆ ಸಹಿ ಹಾಕಿದ ಕಡೆ ಯಾವ ಬಿಷಪ್ ಬಂದರೂ ಕಷ್ಟ.

ಪುಸ್ತಕ ಎಷ್ಟು ಸರಿಯಿದ್ದರೂ ಸಾಲದ ಸಂದರ್ಭಗಳೂ ಇವೆ. ಇಂಗ್ಲೆಂಡಿನ ಚರ್ಚಿಗೆ ಎಲ್ಲರಿಗಿಂತ ಹಿರಿಯ ಬಿಷಪ್ ಅಂದರೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್. ಆ ಪೀಠದಲ್ಲಿದ್ದ ಜಸ್ಟಿನ್ ವೆಲ್ಬಿ 2024ರ ನವೆಂಬರ್‌ನಲ್ಲಿ ರಾಜೀನಾಮೆ ಘೋಷಿಸಿದರು. ಮಕ್ಕಳ ಮೇಲೆ ದೌರ್ಜನ್ಯ ಮಾಡಿದ ಒಬ್ಬನ ಪ್ರಕರಣ ಗಮನಕ್ಕೆ ಬಂದ ಮೇಲೂ ಮಾಡಬೇಕಾದಷ್ಟನ್ನು ಮಾಡಲಿಲ್ಲ ಎಂದು ತನಿಖಾ ವರದಿ ಹೇಳಿತ್ತು. ಅಷ್ಟು ಎತ್ತರದ ಕುರ್ಚಿಯನ್ನೂ ಒಂದು ವರದಿ ಅಲ್ಲಾಡಿಸಿತು. ಆ ಮಕ್ಕಳಿಗೆ ಮಾತ್ರ ಅದು ಹತ್ತಾರು ವರ್ಷ ತಡವಾಗಿ ಬಂತು.

ಪ್ರಶ್ನೆ: ಬಿಷಪ್ ಮದುವೆ ಆಗಬಹುದಾ?
– ಓದುಗ, ಅರಸೀಕೆರೆ

ಉತ್ತರ: ಆಂಗ್ಲಿಕನ್ನರಲ್ಲಿ, ಸಿಎಸ್‌ಐಯಲ್ಲಿ ಆಗಬಹುದು. ಹೆಚ್ಚಿನವರು ಆಗಿರುತ್ತಾರೆ.

ಪ್ರಶ್ನೆ: ಹೆಂಗಸರು ಬಿಷಪ್ ಆಗಬಹುದೇ? ಇಂಗ್ಲೆಂಡಿನಲ್ಲಿ ಆಗಿದ್ದಾರಂತೆ, ನಮ್ಮಲ್ಲಿ ಆಗಲು ಇನ್ನೆಷ್ಟು ವರ್ಷ?
– ಬಿ.ಎಡ್. ವಿದ್ಯಾರ್ಥಿನಿ, ಕಡೂರು

ಉತ್ತರ: ನೀವು ಲೆಕ್ಕವನ್ನು ತಿರುಗಾ ಮುರುಗಾ ಹಾಕಿದ್ದೀರಿ. ನಮ್ಮಲ್ಲೇ ಮೊದಲು ಆದದ್ದು. 2013ರ ಸೆಪ್ಟೆಂಬರ್‌ನಲ್ಲಿ ಎಗ್ಗೋಣಿ ಪುಷ್ಪಲಲಿತಾ ಆಂಧ್ರದ ನಂದ್ಯಾಲ ಡಯಾಸಿಸ್‌ಗೆ ಬಿಷಪ್ ಆದರು. ಇಂಗ್ಲೆಂಡಿನಲ್ಲಿ ಲಿಬ್ಬಿ ಲೇನ್ ಮೊದಲ ಮಹಿಳಾ ಬಿಷಪ್ ಆದದ್ದು 2015ರ ಜನವರಿಯಲ್ಲಿ.

ಅಲ್ಲಿ ತಡವಾದ ಕಥೆ ಕೇಳಿ. ಅವರ ಮಹಾಸಭೆಯಲ್ಲಿ ಮೂರು ಮನೆ. ಬಿಷಪ್ಪರದ್ದು, ಪಾದ್ರಿಗಳದ್ದು, ಸಾಮಾನ್ಯ ಸದಸ್ಯರದ್ದು. ದೊಡ್ಡ ವಿಷಯಕ್ಕೆ ಮೂರೂ ಮನೆಯಲ್ಲಿ ಮೂರರಲ್ಲಿ ಎರಡು ಪಾಲು ಬೇಕು. 2012ರ ನವೆಂಬರ್‌ನಲ್ಲಿ ಬಿಷಪ್ಪರು 44 ಜನ ಹೌದು ಎಂದರು, 3 ಜನ ಬೇಡ ಎಂದರು. ಪಾದ್ರಿಗಳೂ ಒಪ್ಪಿದರು. ಸಾಮಾನ್ಯ ಸದಸ್ಯರ ಮನೆಯಲ್ಲಿ 132 ಹೌದು, 74 ಬೇಡ. ಆರು ಮತ ಕಡಿಮೆ ಬಿತ್ತು, ಮಸೂದೆ ಬಿದ್ದುಹೋಯಿತು. ಬಿಷಪ್ಪರೇ ಎಲ್ಲ ಅನ್ನುವ ಮೂಡಿಗೆರೆಯವರು ಇದನ್ನು ಓದಬೇಕು. 2014ರಲ್ಲಿ ಮತ್ತೆ ತಂದು ಪಾಸು ಮಾಡಿದರು. ನನಗೆ ಬೇಡ ಎಂದ ಆ 74 ಜನರ ಅಭಿಪ್ರಾಯ ಒಪ್ಪಿಗೆಯಿಲ್ಲ. ಅವರಿಗೆ ಮತ ಇತ್ತಲ್ಲ, ಅದು ಒಪ್ಪಿಗೆ.

ಅಲ್ಲಿಂದ ಓಟ ಜೋರಾಗಿದೆ. 2025ರ ಅಕ್ಟೋಬರ್‌ನಲ್ಲಿ ಕ್ಯಾಂಟರ್ಬರಿಯ ಮುಂದಿನ ಆರ್ಚ್‌ಬಿಷಪ್ ಎಂದು ಸಾರಾ ಮಲಲಿ ಅವರ ಹೆಸರು ಹೇಳಿದರು. ಆ ಪೀಠಕ್ಕೆ ಮೊದಲ ಮಹಿಳೆ. ಅದಕ್ಕೂ ಮೊದಲು ಲಂಡನ್ ಬಿಷಪ್. ಅದಕ್ಕೂ ಹಿಂದೆ ನರ್ಸ್, ಇಂಗ್ಲೆಂಡಿನ ಸರ್ಕಾರದ ಮುಖ್ಯ ನರ್ಸಿಂಗ್ ಅಧಿಕಾರಿಯಾಗಿದ್ದವರು. ಚಿಕ್ಕಮಗಳೂರಿನ ಅಮ್ಮ ಮಗಳಿಗೆ ಈ ಸುದ್ದಿಯನ್ನೂ ಹೇಳಲಿ.

ಪ್ರಶ್ನೆ: ಆರ್ಚ್‌ಬಿಷಪ್ ಅಂದರೆ ಪೋಪ್ ಇದ್ದ ಹಾಗೆಯೇ? ಅವರ ಮಾತು ನಮ್ಮ ದೇಶದ ಚರ್ಚಿಗೂ ಅನ್ವಯಿಸುತ್ತದಾ?
– ಓದುಗ, ಬೇಲೂರು

ಉತ್ತರ: ಇಲ್ಲ. ಆಂಗ್ಲಿಕನ್ ಒಕ್ಕೂಟದಲ್ಲಿ ನಲವತ್ತಕ್ಕೂ ಹೆಚ್ಚು ಸ್ವತಂತ್ರ ಚರ್ಚುಗಳಿವೆ. ಅವರವರ ಕಾನೂನು ಅವರವರದ್ದು. ಕ್ಯಾಂಟರ್ಬರಿಯವರು ಮದುವೆ ಮನೆಯ ಹಿರಿಯಜ್ಜ ಇದ್ದ ಹಾಗೆ. ಮೊದಲ ಪಂಕ್ತಿಯಲ್ಲಿ ಮೊದಲ ಎಲೆ ಅವರಿಗೆ. ಅಡುಗೆ ಏನು ಅಂತ ತೀರ್ಮಾನಿಸುವವರು ಬೇರೆ.

ಪ್ರಶ್ನೆ: ಮುಂದಿನ ತಿಂಗಳು ನಮ್ಮ ಸಭೆಗೆ ಬಿಷಪ್ಪರು ಬರುತ್ತಾರೆ. ಸ್ವಾಗತ ಸಮಿತಿಗೆ ನನ್ನನ್ನು ಹಾಕಿದ್ದಾರೆ. ಅವರನ್ನು ಹೇಗೆ ಮಾತಾಡಿಸಬೇಕು, ಏನೇನು ಸಿದ್ಧ ಮಾಡಬೇಕು?
– ಯುವಜನ ಸಂಘದ ಸದಸ್ಯ, ಸಕಲೇಶಪುರ

ಉತ್ತರ: "ಬಿಷಪ್ಪನವರೇ" ಅಂದರೆ ಸಾಕಪ್ಪ. ಹಾರ ಒಂದು ಸಾಕು, ಭಾಷಣ ಎರಡಕ್ಕಿಂತ ಜಾಸ್ತಿ ಬೇಡ. ಘಟ್ಟ ಹತ್ತಿ ಬರುವವರಿಗೆ ಮೊದಲು ಬಿಸಿ ನೀರು, ಕಾಫಿ. ಆಮೇಲೆ ದೀಕ್ಷಾಸ್ನಾನದ ರಿಜಿಸ್ಟರು, ಮದುವೆ ರಿಜಿಸ್ಟರು, ನಡಾವಳಿ, ಲೆಕ್ಕದ ಪುಸ್ತಕ, ನಾಲ್ಕನ್ನೂ ಒಂದು ಮೇಜಿನ ಮೇಲೆ ಇಡಿ. ಕೇಳಲಿಕ್ಕಿಲ್ಲ. ಇಡಿ.

ನಮ್ಮಲ್ಲಿ ಒಂದು ಸಲ ದೃಢೀಕರಣಕ್ಕೆ ಬಿಷಪ್ಪರು ಬರಬೇಕಿತ್ತು. ಬೆಳಗ್ಗೆ ಹತ್ತಕ್ಕೆ ಅಂತ ಹೇಳಿದ್ದೆವು. ದಾರಿಯಲ್ಲಿ ಚಾರ್ಮಾಡಿಯಲ್ಲಿ ಮಣ್ಣು ಕುಸಿದಿತ್ತು. ಬಿಳಿ ಬಟ್ಟೆ ಹಾಕಿದ ಒಂಬತ್ತು ಮಕ್ಕಳು ಜಗಲಿಯಲ್ಲಿ ಕೂತು ಕೂತು ಬಟ್ಟೆ ಬಿಳಿ ಉಳಿಯಲಿಲ್ಲ. ಅವರು ಬಂದದ್ದು ಮಧ್ಯಾಹ್ನ ಎರಡೂವರೆಗೆ, ಪ್ಯಾಂಟಿನ ಅಂಚೆಲ್ಲ ಕೆಸರು. ಆರಾಧನೆ ಮುಗಿಸಿದರು, ಒಂಬತ್ತು ತಲೆಯ ಮೇಲೂ ಕೈ ಇಟ್ಟರು. ಊಟಕ್ಕೆ ಅಕ್ಕಿ ರೊಟ್ಟಿ, ಕೋಳಿ ಸಾರು. ಎಲೆಯ ಮುಂದೆ ಕೂತೇ ಎಡಗೈಯಲ್ಲಿ ನನ್ನ ಲೆಕ್ಕದ ಪುಸ್ತಕ ತಿರುವಿದರು. ಸುಗ್ಗಿ ಹಬ್ಬದ ಹರಾಜಿನ ಪುಟದಲ್ಲಿ ನಿಂತರು. ತೆಂಗಿನಕಾಯಿ, ಬಾಳೆಗೊನೆ, ಎರಡು ಹುಂಜ ಎಲ್ಲ ಕೂಡಿಸಿದ್ದೆ. ಬೆರಳು ಆಡಿಸುತ್ತಾ ಬಂದು ಕೆಳಗಿನ ಮೊತ್ತದ ಹತ್ತಿರ ನಿಲ್ಲಿಸಿದರು.

"ಖಜಾಂಚಿಗಳೇ, ನಾಲ್ಕು ರೂಪಾಯಿ ಕಡಿಮೆ ಬರೆದಿದ್ದೀರಿ," ಅಂದರು. ಆಮೇಲೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.